ಮೂರನೆಯ ಪಾಠ

ಇವತ್ತೂ ಸುಳ್ಳು ಹೇಳಿಬಿಡುತ್ತೇನೇನೋ ಎಂಬ ಹೆದರಿಕೆ ಬೆಳಗಿನಿಂದ ಕಾಡುತ್ತಿತ್ತು. ನನ್ನ ರಕ್ತಕ್ಕೆ ನನ್ನ ಕೀಲುಗಳೇ ಶತ್ರುಗಳಂತೆ ಕಾಣುತ್ತವೆ. ತಂಗಿ ವಾರಿಜಳ ರಕ್ತದ ಜೊತೆ ಅದನ್ನು ಒಂದು ಗಂಟೆ ಹರಿಯಬಿಟ್ಟರೆ, ತನ್ನವರು ಯಾರೆಂದು ಕಲಿಯುತ್ತದೆ. ಯಾರಿಗಾದರೂ ಇಂಥ ಮೂರೇ ಪಾಠ. ನನ್ನವುಗಳಲ್ಲಿ ಎರಡು ಆಗಲೇ ವ್ಯರ್ಥವಾಗಿವೆ; ಇದೂ ಹೋದರೆ ಬೆರಳುಗಳು ಹೀಗೇ ಮಡಚಿಕೊಂಡು ಉಳಿಯುತ್ತವೆ.

ವಾರಿಜ ಆಸ್ಪತ್ರೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಹತ್ತಿದಳು. ನಾನು ಕಂಬಿ ಹಿಡಿದು ಹತ್ತಿದೆ.

"ಬೇಗ ಬಾರೇ ಅಕ್ಕಾ, ಅಜ್ಜಿ ಆಗಿಬಿಟ್ಟೆಯಾ?" ಎಂದು ನಕ್ಕಳು.

ಸಿಸ್ಟರ್ ಫಿಲೋಮಿನಾ ನಮ್ಮಿಬ್ಬರ ಅಂಗೈ ಜೋಡಿಸಿ, ಕೊಳವೆ ಹಾಕುವ ಮುಂಚೆ ಎಲ್ಲರನ್ನೂ ಕೇಳುವುದನ್ನೇ ಕೇಳಿದರು: "ಒಬ್ಬರ ಮೇಲೊಬ್ಬರಿಗೆ ಮುನಿಸಿದ್ದರೆ ಹೇಳಿಬಿಡಿ. ಮುಚ್ಚಿಟ್ಟರೆ ರಕ್ತ ಕಲಿಯಲ್ಲ."

"ನಂಗೇನಿಲ್ಲಪ್ಪ. ಹೋದ ವಾರ ಕೇಳದೆ ನನ್ನ ಚೂಡಿದಾರ್ ಹಾಕ್ಕೊಂಡಿದ್ದಳು, ಅಷ್ಟೇ," ಎಂದಳು ವಾರಿಜ.

ಹಿಂದಿನ ಎರಡು ಸಲವೂ ನಾನು "ಏನಿಲ್ಲ ಸಿಸ್ಟರ್" ಎಂದಿದ್ದೆ. ಈಗಲೂ ಅದೇ ಮಾತು ನಾಲಿಗೆಯ ತುದಿಗೆ ಬಂತು. ಅವಳ ಬೆಚ್ಚಗಿನ, ನೇರವಾದ ಬೆರಳುಗಳು ನನ್ನವನ್ನು ನೋಯದಂತೆ ಮೆಲ್ಲಗೆ ಬಿಡಿಸುತ್ತಿದ್ದವು.

"ನಿನ್ನ ಕಂಡರೆ ನಂಗೆ ಹೊಟ್ಟೆಕಿಚ್ಚು ಕಣೇ," ಎಂದೆ. "ನೀನು ಮೆಟ್ಟಿಲು ಹಾರಿದಾಗಲೆಲ್ಲ, ಬಿದ್ದುಬಿಡಲಿ ಅನ್ನಿಸುತ್ತೆ."