ಸಾತಲಿಂಗಪ್ಪ ಆರಿಸಿದ ಲ್ಯಾಪ್‌ಟಾಪ್

ಅಂಗಡಿಯಲ್ಲಿದ್ದ ಲ್ಯಾಪ್‌ಟಾಪುಗಳಲ್ಲೇ ಎಲ್ಲಕ್ಕಿಂತ ದೊಡ್ಡದನ್ನು ಸಾತಲಿಂಗಪ್ಪ ಎರಡೂ ಕೈ ಹಾಕಿ ಎತ್ತಿ, ಇಳಿಸಿ, ಅದರ ಮುಚ್ಚಳವನ್ನು ಬೆರಳಗಂಟಿನಿಂದ ಬಡಿದು ನೋಡಿದ. ಸದ್ದು ಮನಸ್ಸಿಗೆ ಬಂತು. "ಇದನ್ನ ಕೊಡ್ರಿ" ಅಂದುಬಿಟ್ಟ.

ಮಗಳು ಶ್ರದ್ಧಾ ಹಣೆ ಹಿಡಿದುಕೊಂಡಳು. ಇದೇ ಸೊಲ್ಲಾಪುರದ ವಿಶ್ವವಿದ್ಯಾಲಯದಲ್ಲಿ ಅವಳಿಗೆ ಎಂ.ಎಸ್‌ಸಿ. ಸೀಟು ಸಿಕ್ಕಿತ್ತು, ಸಂಖ್ಯಾಶಾಸ್ತ್ರಕ್ಕೆ. ಮುಂಜಾನೆ ತಮ್ಮೂರು ಮೈಂದರ್ಗಿ ಬಿಟ್ಟಾಗಿನಿಂದ ಅವಳು ಅಪ್ಪನಿಗೆ ಒಂದೇ ಮಾತು ಹೇಳುತ್ತ ಬಂದಿದ್ದಳು: ಹಗುರಾದದ್ದು ಬೇಕು, ಬ್ಯಾಟರಿ ಬಹಳ ಹೊತ್ತು ಬರಬೇಕು, ಉಳಿದದ್ದು ಹೇಗಿದ್ದರೂ ನಡೆಯುತ್ತದೆ. ಅಕ್ಕಲಕೋಟದಲ್ಲಿ ಬಸ್ಸು ಬದಲಿಸುವಾಗಲೂ ಹೇಳಿದ್ದಳು. ಅಪ್ಪ ಪ್ರತಿ ಸಲವೂ ಹೂಂ ಅಂದಿದ್ದ.

ಅಂಗಡಿಯ ಯೋಗಿರಾಜ ಸಮಾಧಾನದ ಮನುಷ್ಯ. ಅವಳ ಮಾತು ಕೇಳಿ ಒಂದು ತೆಳ್ಳನೆಯ ಲ್ಯಾಪ್‌ಟಾಪನ್ನು ದೊಡ್ಡದರ ಪಕ್ಕಕ್ಕಿಟ್ಟ. ಸಾತಲಿಂಗಪ್ಪ ಅದನ್ನು ಹಪ್ಪಳ ಎತ್ತಿದ ಹಾಗೆ ಎತ್ತಿ, ಮಗುಚಿ, ಅಡಿಯಲ್ಲೂ ನೋಡಿದ.

"ಇದರ ಒಳಗಿನ ಸಾಮಾನು ನೀವ ಹಾಕಿ ಕೊಡ್ತೀರೋ, ಬ್ಯಾರೆ ತಗೋಬೇಕೋ?"

ಎಲ್ಲ ಒಳಗೇ ಇದೆಯೆಂದು ಯೋಗಿರಾಜ ನಗದೆ ಹೇಳಿದ. ಆ ದೊಡ್ಡದು ಆಟ ಆಡುವವರಿಗೆ, ಸಿನಿಮಾ ಕತ್ತರಿಸಿ ಜೋಡಿಸುವವರಿಗೆ. ಅದರ ಚಾರ್ಜರೇ ಗೋಡೆ ಕಟ್ಟುವ ಇಟ್ಟಂಗಿಯಷ್ಟು ಇದೆ, ಸದಾ ಪ್ಲಗ್ಗಿಗೆ ಹಚ್ಚಿಯೇ ಇರಬೇಕು ಎಂದ. "ಅದು ಹೊತಗೊಂಡು ತಿರಗೋದಲ್ರಿ ಕಾಕಾ. ಮನ್ಯಾಗ ಟೇಬಲ್ ಮ್ಯಾಲ ಇಟ್ಟು ಬಿಡೋದು."

ಸಾತಲಿಂಗಪ್ಪನ ಮುಖ ಅರಳಿತು. "ಅಂಥಾದ್ದ ಬೇಕಾಗಿತ್ತು ನಮಗ" ಅಂದ.

ಆಗ ಶ್ರದ್ಧಾಳಿಗೆ ಎಲ್ಲ ಹೊಳೆಯಿತು. ಹಾಸ್ಟೆಲಿನಲ್ಲಿ ಅವಳಿಗೆ ಜಾಗ ಸಿಕ್ಕಿ ಎಷ್ಟೋ ದಿನವಾಗಿತ್ತು. ಅಪ್ಪ ಹೋಗು ಅಂದಿರಲಿಲ್ಲ, ಬೇಡ ಅಂತಲೂ ಅಂದಿರಲಿಲ್ಲ. ಅವ್ವ ಉಮಾಬಾಯಿ ಗಾದಿ ಸುತ್ತಿ ಕಟ್ಟಿಟ್ಟರೆ, ಬಿಸಿಲಿಗೆ ಹಾಕಬೇಕೆಂದು ಬಿಚ್ಚುತ್ತಿದ್ದ. ಅವಳು ಮತ್ತೆ ಕಟ್ಟಿದರೆ ಮತ್ತೆ ಬಿಚ್ಚುತ್ತಿದ್ದ. ಈಗ ಮನೆಯ ಮೇಜು ಬಿಟ್ಟು ಕದಲದಂಥ ಲ್ಯಾಪ್‌ಟಾಪು ಹುಡುಕಿ ತೆಗೆದಿದ್ದಾನೆ. ಓದಬೇಕಾದರೆ ಮಗಳು ದಿನಾ ಸಂಜೆ ಮೈಂದರ್ಗಿಗೆ ಬರಲೇಬೇಕು.

ಶ್ರದ್ಧಾ ವಾದ ಮಾಡಲಿಲ್ಲ. ಯೋಗಿರಾಜನ ಕಡೆಯಿಂದ ಒಂದು ಬ್ಯಾಗು ಇಸಿದುಕೊಂಡು, ದೊಡ್ಡ ಲ್ಯಾಪ್‌ಟಾಪು, ಅದರ ಇಟ್ಟಂಗಿ ಎರಡನ್ನೂ ತುಂಬಿ ಅಪ್ಪನ ಹೆಗಲಿಗೆ ಏರಿಸಿದಳು. ರಸ್ತೆಗೆ ಇಳಿದು ಒಮ್ಮೆ ಹತ್ತಿ ಬಾ ಎಂದಳು. ಅಂಗಡಿ ಇದ್ದದ್ದು ಮೂರನೆಯ ಮಾಳಿಗೆಯಲ್ಲಿ, ಲಿಫ್ಟು ಕೆಟ್ಟಿತ್ತು. ಧೋತರ ಉಟ್ಟು ಬಿಳಿ ಟೋಪಿ ಇಟ್ಟ ಈ ಹಿರಿಯರು ಮಾಲು ಹೊತ್ತು ಓಡಲಾರರೆಂದು ಯೋಗಿರಾಜನೂ ಒಪ್ಪಿದ.

ಸಾತಲಿಂಗಪ್ಪ ಕುಸ್ತಿಗೆ ಹೊರಟವನಂತೆ ಎದೆ ಉಬ್ಬಿಸಿ ಇಳಿದುಹೋದ. ಬಹಳ ಹೊತ್ತು ಬರಲೇ ಇಲ್ಲ. ಯೋಗಿರಾಜ ಗಾಬರಿಯಾಗಿ ಕಿಟಕಿಯಿಂದ ಬಗ್ಗಿ ನೋಡುವಷ್ಟರಲ್ಲಿ ಬಾಗಿಲಲ್ಲಿ ಕಾಣಿಸಿಕೊಂಡ. ಟೋಪಿ ಕೈಯಲ್ಲಿತ್ತು, ಮೀಸೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಏನೂ ಭಾರ ಇಲ್ಲ" ಎಂದು ಗೋಡೆ ಹಿಡಿದುಕೊಂಡ.

ಯೋಗಿರಾಜ ನೀರು ಕೊಟ್ಟ. ಅಪ್ಪ ಕುಡಿದು ಮುಗಿಸುವವರೆಗೆ ಕಾದು ಶ್ರದ್ಧಾ ಕೇಳಿದಳು, "ಕ್ಲಾಸಿಗೂ ಇದು ಬೇಕು. ಎರಡೆರಡು ಬಸ್ಸಿನಾಗ ನಾ ಹೆಂಗ ಹೊರಲಪ್ಪಾ?"

"ನೀ ಯಾಕ ಹೊರ್ತಿ? ನಾ ಹೊತಗೊಂಡು ಬರ್ತೀನಿ."

"ದಿನಾ?"

"ದಿನಾ. ಮುಂಜಾನೆ ಬಂದು ಬಿಡ್ತೀನಿ, ಸಂಜಿಕ ಕರಕೊಂಡು ಹೋಗ್ತೀನಿ."

"ಮತ್ತ ಹೊಲ?"

"ಹೊಲ ಎಲ್ಲಿ ಹೋಗ್ತದ? ಅದು ಅಲ್ಲೇ ಇರ್ತದ."

ಅಂದವನು ಹೆಗಲ ಮೇಲಿನ ಬ್ಯಾಗನ್ನು ಮೆಲ್ಲಗೆ ಕೆಳಗಿಳಿಸಿದ. ಯೋಗಿರಾಜ ಬಟ್ಟೆ ತೆಗೆದುಕೊಂಡು, ಮೊದಲೇ ಹೊಳೆಯುತ್ತಿದ್ದ ಗಾಜನ್ನು ಒರೆಸತೊಡಗಿದ. ಹಾಸ್ಟೆಲಿನ ಪರವಾಗಿ ಶ್ರದ್ಧಾ ಎಷ್ಟೋ ಮಾತು ಕಲಿತುಕೊಂಡು ಬಂದಿದ್ದಳು. ಅದನ್ನೆಲ್ಲ ಬದಿಗಿಟ್ಟಳು.

ಅವಳು ತೆಳ್ಳನೆಯದನ್ನು ತೆರೆದು, ಕ್ಯಾಮೆರಾ ಚಾಲೂ ಮಾಡಿ ಅಪ್ಪನ ಮುಂದೆ ಹಿಡಿದಳು. ಪರದೆಯ ಮೇಲೆ ಬೆವೆತ ಬೋಳು ತಲೆಯೊಂದು ಮೂಡಿತು. ಅದು ಯಾರದೆಂದು ಗೊತ್ತಾಗಲು ಸಾತಲಿಂಗಪ್ಪನಿಗೆ ತುಸು ಹೊತ್ತು ಹಿಡಿಯಿತು. ಗೊತ್ತಾದದ್ದೇ ತಡ, ಗಡಬಡಿಸಿ ಟೋಪಿ ಇಟ್ಟುಕೊಂಡು, ಮೀಸೆ ತೀಡಿ, ನೆಟ್ಟಗೆ ನಿಂತ.

"ದಿನಾ ಸಂಜಿಕ ನಾ ಇದರಾಗಿಂದ ಮಾತಾಡ್ತೀನಿ, ನೀ ಫೋನಿನಾಗ ನೋಡು" ಎಂದು ಶ್ರದ್ಧಾ ಅವನ ಭುಜದ ಹಿಂದಿನಿಂದ ಇಣುಕಿದಳು. "ಶನಿವಾರ ಮನಿಗೇ ಬರ್ತೀನಿ."

ಸಾತಲಿಂಗಪ್ಪ ತನ್ನ ಮೀಸೆ ಬಿಟ್ಟು, ಪರದೆಯ ಮೂಲೆಯಲ್ಲಿ ಇಣುಕಿದ ಆ ಮುಖವನ್ನೇ ನೋಡುತ್ತ ನಿಂತ. ಆಮೇಲೆ ಯೋಗಿರಾಜನಿಗೆ, ಶನಿವಾರ ಬರುವ ಮಾತು ನೀವೂ ಕೇಳಿದ್ದೀರಿ, ನೆನಪಿಡಿ ಎಂದು ಹೇಳಿ, ತೆಳ್ಳನೆಯದನ್ನೇ ಕಟ್ಟಿಸಿಕೊಂಡ.

ಸಂಜೆಯ ಅಕ್ಕಲಕೋಟ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಸಾತಲಿಂಗಪ್ಪ ಡಬ್ಬಿಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಬಿಗಿಯಾಗಿ ತಬ್ಬಿಕೊಂಡಿದ್ದ. ಟಿಕೆಟ್ಟಿಗೆ ದುಡ್ಡು ಕೊಡಲೂ ಕೈ ತೆಗೆಯಲಿಲ್ಲ. ತನ್ನ ಕಿಸೆಯಿಂದ ಮಗಳೇ ತೆಗೆಯಲಿ ಎಂದ. ಊರು ದಾಟಿ ಎಷ್ಟೋ ದೂರ ಬಂದರೂ ಹಾಗೇ ಕುಳಿತಿದ್ದವನನ್ನು ಕಂಡು ಶ್ರದ್ಧಾಳಿಗೆ ನಗು ಬಂತು.

"ಮ್ಯಾಲ ಇಡಪ್ಪಾ. ಅಷ್ಟ್ಯಾಕ ಹಿಡ್ಕೊಂಡೀದಿ? ಹಗುರ ಅದ ಅದು."

"ಹಗುರ ಅದ ಅಂತನ ಹಿಡ್ಕೊಂಡೀನಿ" ಎಂದ ಸಾತಲಿಂಗಪ್ಪ, ಕಿಟಕಿಯ ಹೊರಗೆ ನೋಡುತ್ತ.