ಡಾಕ್ಟರು ಬಂದು ನೋಡಬೇಕು

ಧರ್ಮಪ್ಪನ ನಾಡಿ ನಿಂತು ಅರ್ಧ ಗಂಟೆಯಾಗಿತ್ತು. ಇಪ್ಪತ್ತು ವರ್ಷ ಇದೇ ಆಸ್ಪತ್ರೆಯಲ್ಲಿ ದುಡಿದ ನರ್ಸ್ ವಿನೋದಿನಿಗೆ ಅದು ಗೊತ್ತಿತ್ತು. ಆದರೆ ಸತ್ತಿದ್ದಾರೆಂದು ಡಾಕ್ಟರೇ ಹೇಳಬೇಕು, ನರ್ಸ್ ಹೇಳುವಂತಿಲ್ಲ. ಎನ್.ಆರ್.ಪುರದ ಮೀಟಿಂಗಿಗೆ ಹೋದ ಡಾಕ್ಟರು ಇನ್ನೂ ಬಂದಿರಲಿಲ್ಲ.

ಹೆಂಡತಿ ಹೂವಮ್ಮ ಗಂಡನ ಪಾದ ಉಜ್ಜುತ್ತಲೇ ಇದ್ದಳು. "ಸಾಕು ನಿಮ್ಮ ನಾಟಕ, ಕಣ್ಣು ಬಿಡಿ ಮಾರಾಯ್ರೆ. ಸಿಸ್ಟರಮ್ಮ, ಕಾಲು ತಣ್ಣಗಾಗ್ತಾ ಉಂಟಲ್ಲ, ಎಂತ ಇದು?"

"ಡಾಕ್ಟರು ಬಂದು ನೋಡ್ಬೇಕು, ಹೂವಮ್ಮ."

ಹೂವಮ್ಮನ ಮುಖ ಅರಳಿತು. "ಹಾಗಾದ್ರೆ ಡಾಕ್ಟರು ಬಂದ್ರೆ ಸರಿಯಾಗ್ತದೆ! ಕೇಳಿಸ್ತಾ, ಮಾರಾಯ್ರೆ? ಸಿಸ್ಟರಮ್ಮ, ಅಲ್ಲೀತನಕ ನೀವೂ ಆ ಕಾಲು ಸ್ವಲ್ಪ ಉಜ್ಜಿ."

ವಿನೋದಿನಿ ಮಂಚದ ತುದಿಯಲ್ಲಿ ಕುಳಿತು, ಇನ್ನೊಂದು ಪಾದವನ್ನು ಎರಡೂ ಅಂಗೈಗಳ ನಡುವೆ ಹಿಡಿದು ಉಜ್ಜತೊಡಗಿದಳು.