ತಗ್ಗಿದ ಗಿಟಾರು

ಡ್ರಮ್ಮರ್ ಎಮೆಟ್ ಚೀಲದಿಂದ ಕೋಲುಗಳ ಬದಲು ಡ್ರಮ್ಮನ್ನು ಮೆತ್ತಗೆ ನುಡಿಸುವ ತಂತಿಯ ಕುಂಚಗಳನ್ನು ತೆಗೆದಾಗ, ಅಮೆರಿಕದ ಮಿಸೌರಿಯಲ್ಲಿ ಹಳೆಯ ಕೊಟ್ಟಿಗೆಯೊಂದನ್ನೇ ಸ್ಟುಡಿಯೋ ಮಾಡಿಕೊಂಡಿದ್ದ ಜಾಗದಲ್ಲಿ ಶ್ರುತಿ ಕೂಡಿಸುತ್ತಿದ್ದ ತಂಡದವರ ಕೈಗಳೆಲ್ಲ ನಿಂತವು.

"ಭುಜ ಏಳಲ್ಲ ಕಣ್ರೋ, ಮೆಲ್ಲಗೆ ಸವರೋದಷ್ಟೇ ಆಗೋದು. ಈ ಆಲ್ಬಮ್ಮಿಗೆ ಬೇರೆ ಯಾರನ್ನಾದ್ರೂ ಕರ್ಕೊಳ್ಳಿ," ಅಂದ, ತಲೆ ಎತ್ತದೆ.

ಹಾಡುಗಾರ ರಾಯ್ಸ್ ಎದ್ದ. ಮೂವತ್ತು ವರ್ಷ ಯಾರು ಗೋಗರೆದರೂ ತಗ್ಗಿಸದಿದ್ದ ತನ್ನ ಗಿಟಾರಿನ ಸದ್ದನ್ನು, ಆಂಪ್ಲಿಫೈಯರಿನ ತಿರುಪು ಹಿಡಿದು ಪಿಸುಮಾತಿನಷ್ಟಕ್ಕೆ ಇಳಿಸಿದ. "ಬೇರೆಯವನ್ಯಾಕೋ ಮುದುಕಾ? ನಂಗೂ ಕಿರುಚಿ ಕಿರುಚಿ ಸಾಕಾಗಿದೆ. ಹೂಂ, ಶುರು ಹಚ್ಕೋ."

ಕುಂಚಗಳು ಸರಸರನೆ ಸುಳಿದವು, ರಾಯ್ಸ್ ಹಾಡತೊಡಗಿದ. ಇಷ್ಟು ವರ್ಷ ಆ ಗದ್ದಲದಲ್ಲಿ ಗೆಳೆಯನ ಬೆನ್ನು ನೋಡಿಯೇ ತಾಳ ಹಿಡಿಯುತ್ತಿದ್ದ ಎಮೆಟ್, ಮೊದಲ ಸಲ ಕಣ್ಣು ಮುಚ್ಚಿ, ಅವನ ಹಾಡು ಕೇಳುತ್ತಾ ಬಾರಿಸಿದ.